ಪ್ರಯೋಗಶಾಲೆಗೆ ಬಂದ ಮನುಷ್ಯ

ರಸಾಯನಶಾಸ್ತ್ರದ ವಿದ್ಯಾರ್ಥಿಯು ಪ್ರನಾಳದಲ್ಲಿ ತುಸು ಆಮ್ಲವನ್ನು ಹಾಕಿ ಉರಿಯ ಮೇಲೆ ಹಿಡಿಯುವಾಗ ಆ ಆಮ್ಲದ ಅನುಮತಿಯನ್ನು ಬೇಡುವುದಿಲ್ಲ. ಪ್ರಯೋಗವು ಕೈಗೂಡಲಿ, ಕೆಡಲಿ, ಕೊನೆಯಲ್ಲಿ ಪ್ರನಾಳವನ್ನು ತೊಳೆದು ಬೋರಲು ಹಾಕಿದರೆ ಅಲ್ಲಿಗೆ ಎಲ್ಲವೂ ಮುಗಿಯಿತು. ಭೌತವಿಜ್ಞಾನಿಯ ಲೋಲಕಕ್ಕಾಗಲಿ, ಸಸ್ಯವಿಜ್ಞಾನಿಯ ಎಲೆಗಾಗಲಿ ತನ್ನನ್ನು ಯಾರೋ ಪರೀಕ್ಷಿಸುತ್ತಿದ್ದಾರೆಂಬ ಅರಿವಿಲ್ಲ. ಮನಶ್ಶಾಸ್ತ್ರಜ್ಞನ ಸಂಗತಿ ಹಾಗಲ್ಲ. ಅವನು ಪರೀಕ್ಷಿಸಬೇಕಾದ ವಸ್ತುವು ತಾನಾಗಿಯೇ ಬಾಗಿಲು ತಟ್ಟಿ ಒಳಗೆ ಬರುತ್ತದೆ; ತೋರಿಸಿದ ಕುರ್ಚಿಯಲ್ಲಿ ಕುಳಿತು "ನಾನೇನು ಮಾಡಬೇಕು?" ಎಂದು ಕೇಳುತ್ತದೆ, ಸಂಜೆ ಮನೆಗೆ ಮರಳಿ, ನಡೆದುದನ್ನು ಹೆಂಡತಿಮಕ್ಕಳಿಗೆ ಹೇಳುತ್ತದೆ, ಇಲ್ಲವೆ ಹೇಳಲಾರದೆ ತನ್ನೊಳಗೇ ಇಟ್ಟುಕೊಳ್ಳುತ್ತದೆ. ಅದನ್ನು ತೊಳೆದು ಬೋರಲು ಹಾಕುವಂತಿಲ್ಲ.

ಇನ್ನೊಂದು ತೊಡಕೂ ಇದೆ. "ನಿನ್ನ ತೂಗಾಟದ ಕಾಲವನ್ನು ಅಳೆಯುತ್ತಿದ್ದೇನೆ" ಎಂದು ಹೇಳಿದ ಮಾತ್ರಕ್ಕೆ ಲೋಲಕದ ತೂಗಾಟವು ಬದಲಾಗುವುದಿಲ್ಲ. ಮನುಷ್ಯನಿಗೆ "ಈ ಹೊತ್ತು ನಿನ್ನ ಧೈರ್ಯವನ್ನು ಅಳೆಯುತ್ತೇನೆ" ಎಂದು ಹೇಳಿನೋಡಿ. ಅಂಜುಬುರುಕನೂ ಎದೆ ಸೆಟೆದು ಕೂರುತ್ತಾನೆ. ಆದುದರಿಂದ ಪ್ರಯೋಗದ ನಿಜವಾದ ಉದ್ದೇಶವನ್ನು ಮರೆಮಾಚುವುದು ಮನಶ್ಶಾಸ್ತ್ರದಲ್ಲಿ ಬಹುಕಾಲದಿಂದ ರೂಢಿಯಾಗಿ ಬಂದಿದೆ. ಮರೆಮಾಚದಿದ್ದರೆ ಸತ್ಯವು ಸಿಕ್ಕದು. ಮರೆಮಾಚಿದರೆ, ನಂಬಿ ಬಂದವನಿಗೆ ಸುಳ್ಳು ಹೇಳಿದಂತಾಗುತ್ತದೆ. ಈ ಇಕ್ಕಟ್ಟಿನಲ್ಲಿ ವಿಜ್ಞಾನಿಯು ಎಷ್ಟು ದೂರ ಹೋಗಬಹುದು? ಎಲ್ಲಿ ನಿಲ್ಲಬೇಕು? ಅದನ್ನು ನಿಶ್ಚಯಿಸತಕ್ಕವರು ಯಾರು? ಈ ಪ್ರಶ್ನೆಗಳನ್ನು ಬರಿಯ ತತ್ತ್ವವಾಗಿ ಚರ್ಚಿಸುವುದಕ್ಕಿಂತ, ಇವುಗಳನ್ನು ಲೋಕದ ಮುಂದೆ ಗಟ್ಟಿಯಾಗಿ ಎತ್ತಿದ ಒಂದು ಪ್ರಯೋಗದ ವೃತ್ತಾಂತವನ್ನೇ ವಿವರವಾಗಿ ನೋಡುವುದು ಲೇಸು.

1961ರ ಬೇಸಗೆಯಲ್ಲಿ ಅಮೆರಿಕದ ಕನೆಕ್ಟಿಕಟ್ ಸಂಸ್ಥಾನದ ನ್ಯೂ ಹೇವನ್ ಪಟ್ಟಣದಲ್ಲಿ ಒಂದು ಜಾಹೀರಾತು ಪ್ರಕಟವಾಯಿತು. ನೆನಪು ಮತ್ತು ಕಲಿಕೆ ಇವುಗಳ ವಿಷಯವಾಗಿ ವೈಜ್ಞಾನಿಕ ಅಧ್ಯಯನವೊಂದಕ್ಕೆ ಐನೂರು ಮಂದಿ ಪುರುಷರು ಬೇಕಾಗಿದ್ದಾರೆ. ಒಂದು ಗಂಟೆಯ ಕೆಲಸಕ್ಕೆ 4 ಡಾಲರುಗಳನ್ನೂ ಪ್ರಯಾಣದ ಬಾಬ್ತು 50 ಸೆಂಟುಗಳನ್ನೂ ಕೊಡಲಾಗುವುದು ಎಂಬುದು ಅದರ ಒಕ್ಕಣೆ. ಕರೆದವರು ಯೇಲ್ ವಿಶ್ವವಿದ್ಯಾನಿಲಯದವರು. ಆ ಊರಿನಲ್ಲಿ ಆ ಹೆಸರಿಗಿದ್ದ ಗೌರವವು ಸಾಮಾನ್ಯವಾದುದಲ್ಲ. ಗುಮಾಸ್ತರು, ಕಾರ್ಖಾನೆಯ ಕೆಲಸಗಾರರು, ಕ್ಷೌರಿಕರು, ವ್ಯಾಪಾರಿಗಳು ಮೊದಲಾದ ಇಪ್ಪತ್ತರಿಂದ ಐವತ್ತು ವರ್ಷದೊಳಗಿನವರು ಬಂದರು.

ಪ್ರಯೋಗವನ್ನು ಯೋಜಿಸಿದ್ದಾತನು ಸ್ಟ್ಯಾನ್ಲಿ ಮಿಲ್‌ಗ್ರಾಮ್ ಎಂಬ ತರುಣ ಅಧ್ಯಾಪಕ. ಆಗ ಆತನಿಗೆ ಇಪ್ಪತ್ತೆಂಟು ವರ್ಷ ವಯಸ್ಸು. ಯೆಹೂದ್ಯ ಮನೆತನದಲ್ಲಿ ಹುಟ್ಟಿದ ಆತನನ್ನು ಒಂದು ಪ್ರಶ್ನೆಯು ಕಾಡುತ್ತಿದ್ದಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಲಕ್ಷೋಪಲಕ್ಷ ನಿರಪರಾಧಿಗಳ ಕೊಲೆಯಲ್ಲಿ ಕೈಜೋಡಿಸಿದ ಜರ್ಮನ್ ಅಧಿಕಾರಿಗಳು "ನಾವು ಮೇಲಿನವರ ಆಜ್ಞೆಯನ್ನು ಪಾಲಿಸಿದೆವು, ಅಷ್ಟೆ" ಎಂದು ನ್ಯಾಯಾಲಯದಲ್ಲಿ ಹೇಳಿದ್ದರು. 1961ರಲ್ಲಿಯೇ ಜೆರೂಸಲೇಮಿನಲ್ಲಿ ಐಕ್‌ಮನ್ನನ ವಿಚಾರಣೆಯೂ ನಡೆಯುತ್ತಿದ್ದಿತು. ಸಾಮಾನ್ಯನಾದ, ಕೆಡುಕನಲ್ಲದ ಮನುಷ್ಯನು ಬರಿಯ ಆಜ್ಞೆಗೆ ತಲೆಬಾಗಿ ಇನ್ನೊಬ್ಬನನ್ನು ಎಷ್ಟರಮಟ್ಟಿಗೆ ಹಿಂಸಿಸಬಲ್ಲನು? ಇದು ಮಿಲ್‌ಗ್ರಾಮನು ಅಳೆಯಹೊರಟ ವಸ್ತು. ಪ್ರಶ್ನೆಯು ಹುಡುಗಾಟದ್ದಲ್ಲವೆಂಬುದನ್ನು ವಾಚಕರು ಮೊದಲೇ ಮನಗಾಣಬೇಕು.

ಬಂದವನನ್ನು ಬೂದುಬಣ್ಣದ ಮೇಲಂಗಿ ತೊಟ್ಟ ಪ್ರಯೋಗಕರ್ತನು ಬರಮಾಡಿಕೊಳ್ಳುವನು. ಅಲ್ಲಿ ಇನ್ನೊಬ್ಬ ಗೃಹಸ್ಥನೂ ಕುಳಿತಿರುವನು. ನಲವತ್ತೇಳು ವರ್ಷದ, ಸೌಮ್ಯ ಮುಖದ ಲೆಕ್ಕಿಗ. ದಂಡನೆಯಿಂದ ಕಲಿಕೆಯು ಹೆಚ್ಚುವುದೋ ಎಂಬುದನ್ನು ಪರೀಕ್ಷಿಸಬೇಕಾಗಿದೆ, ನಿಮ್ಮಲ್ಲಿ ಒಬ್ಬರು ಶಿಕ್ಷಕ, ಒಬ್ಬರು ವಿದ್ಯಾರ್ಥಿ ಎಂದು ಹೇಳಿ ಚೀಟಿ ಎತ್ತಿಸುವರು. ಎರಡು ಚೀಟಿಗಳಲ್ಲಿಯೂ ಬರೆದಿರುವುದು "ಶಿಕ್ಷಕ" ಎಂದೇ! ಲೆಕ್ಕಿಗನು ಪ್ರಯೋಗದ ಕಡೆಯವನು. ಅವನು ತನ್ನ ಚೀಟಿಯಲ್ಲಿ "ವಿದ್ಯಾರ್ಥಿ" ಎಂದಿರುವುದಾಗಿ ನಟಿಸುವನು. ಅವನನ್ನು ಪಕ್ಕದ ಕೋಣೆಯಲ್ಲಿ ಕುರ್ಚಿಗೆ ಬಿಗಿದು ಮಣಿಕಟ್ಟಿಗೆ ವಿದ್ಯುತ್ತಿನ ತಂತಿಯನ್ನು ಜೋಡಿಸುವರು. ಶಿಕ್ಷಕನ ಮುಂದೆ ಒಂದು ಯಂತ್ರ. ಅದರಲ್ಲಿ ಸಾಲಾಗಿ ಮೂವತ್ತು ಗುಂಡಿಗಳು, 15 ವೋಲ್ಟಿನಿಂದ ಮೊದಲಾಗಿ ಹದಿನೈದು ಹದಿನೈದು ಏರುತ್ತ 450 ವೋಲ್ಟಿನವರೆಗೆ. ಕೆಳಗೆ "ಅಲ್ಪ ಆಘಾತ"ದಿಂದ ಹಿಡಿದು "ಅಪಾಯ: ತೀವ್ರ ಆಘಾತ"ದವರೆಗೆ ಬರೆದಿರುವುದು. ಕೊನೆಯ ಎರಡು ಗುಂಡಿಗಳ ಕೆಳಗೆ ಮಾತೇ ಇಲ್ಲ, ಮೂರು ಕತ್ತರಿ ಗುರುತುಗಳು ಮಾತ್ರ. ನಂಬಿಕೆ ಹುಟ್ಟಲೆಂದು ಶಿಕ್ಷಕನಿಗೂ 45 ವೋಲ್ಟಿನ ರುಚಿಯನ್ನು ತೋರಿಸುವರು. ವಿದ್ಯಾರ್ಥಿಯು ತಪ್ಪಿದಾಗಲೆಲ್ಲ ಒಂದೊಂದು ಗುಂಡಿ ಮೇಲೇರುತ್ತ ಆಘಾತವನ್ನು ಕೊಡಬೇಕು. ವಾಸ್ತವವಾಗಿ ವಿದ್ಯಾರ್ಥಿಗೆ ಯಾವ ಆಘಾತವೂ ತಟ್ಟುತ್ತಿರಲಿಲ್ಲ. ಆ ಯಂತ್ರದಿಂದ ಹೊರಟ ನಿಜವಾದ ಆಘಾತವು ಶಿಕ್ಷಕನ ಕೈಗೆ ರುಚಿನೋಡಲು ಕೊಟ್ಟದ್ದು ಒಂದೇ.

ಮೊದಲು ಪ್ರಕಟವಾದ ಪ್ರಯೋಗದಲ್ಲಿ 300 ವೋಲ್ಟಿಗೆ ಬಂದಾಗ ವಿದ್ಯಾರ್ಥಿಯು ಗೋಡೆಯನ್ನು ದಬದಬನೆ ಬಡಿಯುವನು, 315ರಲ್ಲಿ ಮತ್ತೊಮ್ಮೆ, ಅನಂತರ ನಿಶ್ಶಬ್ದ. ಶಿಕ್ಷಕನು ಹಿಂಜರಿದರೆ ಪ್ರಯೋಗಕರ್ತನು ಕ್ರಮವಾಗಿ ನಾಲ್ಕು ಮಾತುಗಳನ್ನು ಹೇಳುವನು. "ದಯವಿಟ್ಟು ಮುಂದುವರಿಸಿ." "ನೀವು ಮುಂದುವರಿಸಬೇಕಾದುದು ಪ್ರಯೋಗಕ್ಕೆ ಅಗತ್ಯ." "ನೀವು ಮುಂದುವರಿಸುವುದು ತೀರ ಅತ್ಯವಶ್ಯಕ." ಕೊನೆಗೆ, "ನಿಮಗೆ ಬೇರೆ ಮಾರ್ಗವಿಲ್ಲ; ಮುಂದುವರಿಸಲೇಬೇಕು." ಅಲ್ಲಿಗೂ ಒಪ್ಪದಿದ್ದರೆ ಪ್ರಯೋಗವನ್ನು ನಿಲ್ಲಿಸುವರು. ಬೆದರಿಕೆಯಿಲ್ಲ, ಏರುದನಿಯಿಲ್ಲ. ಹಣವನ್ನು ಮೊದಲೇ ಕೊಟ್ಟು, ಮುಂದೆ ಏನೇ ನಡೆದರೂ ಇದು ನಿಮ್ಮದೇ ಎಂದು ಹೇಳಿಯೂ ಆಗಿರುವುದು.

ಎಷ್ಟು ಮಂದಿ ಕೊನೆಯ ಗುಂಡಿಯವರೆಗೆ ಹೋದಾರೆಂದು ಮಿಲ್‌ಗ್ರಾಮನು ಯೇಲ್‌ನಲ್ಲಿ ಮನಶ್ಶಾಸ್ತ್ರವನ್ನು ಓದುತ್ತಿದ್ದ ಹದಿನಾಲ್ಕು ಮಂದಿ ಹಿರಿಯ ವಿದ್ಯಾರ್ಥಿಗಳನ್ನು ಮೊದಲೇ ಕೇಳಿದ್ದನು. ನೂರಕ್ಕೆ ಮೂವರಿಗಿಂತ ಹೆಚ್ಚು ಎಂದವರು ಅವರಲ್ಲಿ ಒಬ್ಬರೂ ಇಲ್ಲ. ಫಲಿತಾಂಶವು ಎಲ್ಲರನ್ನೂ ಬೆಚ್ಚಿಬೀಳಿಸಿತು. ನಲವತ್ತು ಮಂದಿಯಲ್ಲಿ ಇಪ್ಪತ್ತಾರು ಮಂದಿ 450 ವೋಲ್ಟನ್ನು ಮುಟ್ಟಿದರು. 300ಕ್ಕಿಂತ ಮೊದಲು ನಿಲ್ಲಿಸಿದವರು ಒಬ್ಬರೂ ಇರಲಿಲ್ಲ.

ಈ ಅಂಕಿಗಳು ಜಗತ್ಪ್ರಸಿದ್ಧವಾಗಿವೆ. ನಮ್ಮ ವಿಷಯಕ್ಕೆ ಅವುಗಳಿಗಿಂತ ಮುಖ್ಯವಾದುದು ಅದೇ ವರದಿಯಲ್ಲಿರುವ ಬೇರೊಂದು ವಿವರ. ಗುಂಡಿಯನ್ನು ಒತ್ತುತ್ತಿದ್ದವರು ಕಲ್ಲೆದೆಯವರಾಗಿರಲಿಲ್ಲ. ಅವರು ಬೆವರಿದರು, ನಡುಗಿದರು, ತೊದಲಿದರು, ತುಟಿಯನ್ನು ಕಚ್ಚಿಕೊಂಡರು, ಅಂಗೈಗೆ ಉಗುರುಗಳನ್ನು ಊರಿದರು. ಹದಿನಾಲ್ಕು ಮಂದಿಗೆ ತಡೆಯಲಾರದ ವಿಚಿತ್ರವಾದ ನಗೆಯು ಬಂದಿತು; ಅದು ಸಂತೋಷದ ನಗೆಯಲ್ಲವೆಂದು ಆಮೇಲೆ ಅವರೇ ನಾಚುತ್ತ ವಿವರಿಸಿದರು. ಮೂವರಿಗೆ ಮೈಯೆಲ್ಲ ಸೆಳೆದುಕೊಂಡು ಅದುರಿತು. ಒಬ್ಬನ ಅದುರು ಎಷ್ಟು ಪ್ರಬಲವಾಗಿತ್ತೆಂದರೆ ಪ್ರಯೋಗವನ್ನೇ ನಿಲ್ಲಿಸಬೇಕಾಯಿತು. ನಗುಮುಖದಿಂದ, ಆತ್ಮವಿಶ್ವಾಸದಿಂದ ಒಳಗೆ ಬಂದ ವ್ಯಾಪಾರಿಯೊಬ್ಬನು ಇಪ್ಪತ್ತು ನಿಮಿಷಗಳಲ್ಲಿ ತೊದಲುವ, ಸೆಟೆಯುವ ಜೀವಿಯಾಗಿ ಕುಸಿದುದನ್ನು ಕನ್ನಡಿಯ ಹಿಂದಿನಿಂದ ನೋಡಿದವರು ದಾಖಲಿಸಿದ್ದಾರೆ. ಆ ಕನ್ನಡಿಯು ಒಂದು ಕಡೆಯಿಂದ ಮಾತ್ರ ಕಾಣುವಂಥದು. ಯಂತ್ರವು ಹುಸಿ, ಚೀಟಿಯು ಹುಸಿ, ಲೆಕ್ಕಿಗನ ನೋವೂ ಹುಸಿ. ಈ ಮನುಷ್ಯನ ಯಾತನೆಯೊಂದು ಮಾತ್ರ ದಿಟ.

ವರದಿಯು 1963ರಲ್ಲಿ ಅಚ್ಚಾಯಿತು. ಮರುವರ್ಷವೇ ಡಯಾನಾ ಬಾಮ್‌ರಿಂಡ್ ಎಂಬಾಕೆ ಅಮೆರಿಕದ ಮನಶ್ಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಅದನ್ನು ಖಂಡಿಸಿ ಬರೆದಳು. ತಂದೆತಾಯಿಗಳು ಮಕ್ಕಳನ್ನು ಬೆಳೆಸುವ ರೀತಿಗಳನ್ನು ಕುರಿತು ತರುವಾಯ ನಡೆಸಿದ ಅಧ್ಯಯನಗಳಿಂದ ಆಕೆ ಪ್ರಖ್ಯಾತಳಾದಳು. ಆಕೆಯ ವಾದದ ತಿರುಳು ಹೀಗಿದೆ: ಪ್ರಯೋಗಶಾಲೆಯು ಬಂದವನಿಗೆ ಅಪರಿಚಿತ ಸ್ಥಳ. ಅಲ್ಲಿ ಯಾವುದು ಸಹಜ, ಯಾವುದು ಅಲ್ಲ ಎಂಬುದನ್ನು ಅವನು ತಿಳಿಯನು. ರೋಗಿಯು ವೈದ್ಯನನ್ನು ನಂಬುವಂತೆ ಪ್ರಯೋಗಕರ್ತನನ್ನು ನಂಬಿರುತ್ತಾನೆ. ಆ ನಂಬಿಕೆಯನ್ನೇ ಉಪಕರಣವಾಗಿ ಬಳಸಿ ಅವನನ್ನು ಅವನ ದೃಷ್ಟಿಯಲ್ಲಿಯೇ ಕೀಳಾಗಿಸಿದರೆ, ಮನೆಗೆ ಹೋಗುವ ಮುನ್ನ ಕೈಕುಲುಕಿ ನಾಲ್ಕು ಸಮಾಧಾನದ ಮಾತು ಹೇಳಿದ ಮಾತ್ರಕ್ಕೆ ಅದು ಸರಿಹೋಗುತ್ತದೆಯೆ? ಇಂಥವನು ಮುಂದೆ ಯಾವ ಹಿರಿಯರನ್ನು ನಂಬಿಯಾನು?

ಮಿಲ್‌ಗ್ರಾಮನು ಸುಮ್ಮನಿರಲಿಲ್ಲ. ಇಷ್ಟು ಮಂದಿ ಕೊನೆಯವರೆಗೆ ಹೋಗುವರೆಂದು ಯಾರೂ ಊಹಿಸಿರಲಿಲ್ಲ. ಕ್ಷಣಿಕವಾದ ತಳಮಳವು ಹಾನಿಯಲ್ಲ. ಭಾಗವಹಿಸಿದವರಿಗೆಲ್ಲ ಆಮೇಲೆ ಪ್ರಶ್ನಾವಳಿಯನ್ನು ಕಳುಹಿಸಿದಾಗ ಉತ್ತರಿಸಿದವರಲ್ಲಿ ನೂರಕ್ಕೆ 84 ಮಂದಿ ಭಾಗವಹಿಸಿದ್ದಕ್ಕೆ ಸಂತೋಷವೆಂದರು, ವಿಷಾದಪಟ್ಟವರು ನೂರಕ್ಕೆ 1.3 ಮಾತ್ರ, ಮನೋವೈದ್ಯರೊಬ್ಬರು ಒಂದು ವರ್ಷದ ಬಳಿಕ ನಲವತ್ತು ಮಂದಿಯನ್ನು ಕಂಡು ಮಾತನಾಡಿಸಿ ಯಾರಲ್ಲಿಯೂ ಕೇಡಿನ ಕುರುಹು ಇಲ್ಲವೆಂದರು, ಎಂದು ಮೊದಲಾಗಿ ಉತ್ತರ ಕೊಟ್ಟನು. ಎಲ್ಲರೂ 150 ವೋಲ್ಟಿನಲ್ಲಿಯೇ ನಿಲ್ಲಿಸಿದ್ದರೆ ಈ ಪ್ರಯೋಗವನ್ನು ಯಾರಾದರೂ ಅನೈತಿಕವೆನ್ನುತ್ತಿದ್ದರೆ ಎಂಬ ಅರ್ಥದ ಪ್ರಶ್ನೆಯನ್ನೂ ಹಾಕಿದನು. ಕನ್ನಡಿಯಲ್ಲಿ ಕಂಡ ಮುಖವು ಹಿಡಿಸಲಿಲ್ಲವೆಂದು ಕನ್ನಡಿಯನ್ನು ಬೈಯುವಿರಿ ಎಂಬುದು ಅದರ ಧ್ವನಿ.

ಈ ಉತ್ತರದಲ್ಲಿ ಸತ್ತ್ವವಿಲ್ಲವೆನ್ನಲಾಗದು. ಆತನು ಭಾಗಿಗಳ ಯೋಗಕ್ಷೇಮವನ್ನು ಆಮೇಲಾದರೂ ವಿಚಾರಿಸಿದನು. ಆ ಕಾಲದ ಎಷ್ಟೋ ಸಂಶೋಧಕರು ಅಷ್ಟನ್ನೂ ಮಾಡಿರಲಿಲ್ಲ. ಆದರೂ ಮೂರು ಸಂದೇಹಗಳು ಉಳಿಯುತ್ತವೆ. ಮೊದಲ ಕೆಲವರ ಯಾತನೆಯು ಅನಿರೀಕ್ಷಿತವೆಂದು ಒಪ್ಪೋಣ. 1961ರ ಆಗಸ್ಟಿನಿಂದ 1962ರ ಮೇ ತಿಂಗಳವರೆಗೆ, ಇಪ್ಪತ್ತಕ್ಕೂ ಹೆಚ್ಚು ರೂಪಾಂತರಗಳಲ್ಲಿ, ಸುಮಾರು 780 ಮಂದಿಯ ಮೇಲೆ ಪ್ರಯೋಗವು ನಡೆದುದನ್ನು ಅನಿರೀಕ್ಷಿತವೆನ್ನುವುದು ಹೇಗೆ? ಎರಡನೆಯದು, ಆಘಾತವು ಹುಸಿಯೆಂಬ ಗುಟ್ಟನ್ನು ಕೂಡಲೇ ಪೂರ್ತಿಯಾಗಿ ಎಲ್ಲರಿಗೂ ಹೇಳಲಾಯಿತೆ? ಯೇಲ್‌ನಲ್ಲಿ ಕಾಪಿಟ್ಟಿರುವ ಧ್ವನಿಮುದ್ರಿಕೆಗಳನ್ನೂ ಕಾಗದಪತ್ರಗಳನ್ನೂ ಪರಿಶೀಲಿಸಿದ ಆಸ್ಟ್ರೇಲಿಯದ ಲೇಖಕಿ ಜೀನಾ ಪೆರಿ, ಬಹುಮಂದಿಗೆ ನಿಜಸಂಗತಿಯು ತಿಳಿದುದು ತಿಂಗಳುಗಳ ತರುವಾಯ ಅಂಚೆಯಲ್ಲಿ ಬಂದ ವರದಿಯಿಂದ ಎಂದು ತೋರಿಸಿದ್ದಾಳೆ. ಅಷ್ಟು ಕಾಲ ಆ ಮನುಷ್ಯನು "ನಾನು ಯಾರನ್ನಾದರೂ ಕೊಂದೆನೆ?" ಎಂಬ ಶಂಕೆಯನ್ನು ಹೊತ್ತು ತಿರುಗಿರಬೇಕಲ್ಲವೆ! ಮೂರನೆಯದು ಎಲ್ಲಕ್ಕೂ ಮಿಗಿಲಾದುದು. ಆದ ಮೇಲೆ ಸಂತೋಷವೆಂದು ಹೇಳುವುದು ಬೇರೆ, ಆಗುವುದಕ್ಕೆ ಮುಂಚೆ ಒಪ್ಪುವುದು ಬೇರೆ. ಆ ಗೃಹಸ್ಥರು ಒಪ್ಪಿದ್ದುದು ನೆನಪಿನ ಪರೀಕ್ಷೆಗೆ. ತಮ್ಮ ಅಂತಃಕರಣದ ಪರೀಕ್ಷೆಗೆ ಅವರ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಮಾನವನ ಮೇಲೆ ಪ್ರಯೋಗ ನಡೆಸುವಾಗ ಅವನ ಸಮ್ಮತಿ ಬೇಕೆಂಬುದು 1961ರಲ್ಲಿ ಯಾರೂ ಕೇಳದ ವಿಚಾರವೇನಾಗಿರಲಿಲ್ಲ. ಸೆರೆಶಿಬಿರಗಳಲ್ಲಿ ಕೈದಿಗಳ ಮೇಲೆ ಘೋರ ಪ್ರಯೋಗಗಳನ್ನು ನಡೆಸಿದ ವೈದ್ಯರ ವಿಚಾರಣೆಯು ಯುದ್ಧಾನಂತರ ನ್ಯೂರೆಂಬರ್ಗ್ ನಗರದಲ್ಲಿ ನಡೆದಾಗ, 1947ರ ತೀರ್ಪಿನಲ್ಲಿ ನ್ಯಾಯಾಧೀಶರು ಹತ್ತು ನಿಯಮಗಳನ್ನು ಬರೆದಿಟ್ಟರು. ಮೊದಲನೆಯದು, ಸ್ವಯಂಪ್ರೇರಿತವಾದ ಸಮ್ಮತಿಯು ಸರ್ವಥಾ ಅವಶ್ಯವೆಂಬುದು. ಒಂಬತ್ತನೆಯದನ್ನು ವಾಚಕರು ವಿಶೇಷವಾಗಿ ಗಮನಿಸಬೇಕು: ಮುಂದುವರಿಯುವುದು ತನ್ನಿಂದ ಅಸಾಧ್ಯವೆನಿಸುವ ಶಾರೀರಿಕ ಅಥವಾ ಮಾನಸಿಕ ಸ್ಥಿತಿಗೆ ತಲಪಿದ ಮನುಷ್ಯನಿಗೆ ಪ್ರಯೋಗವನ್ನು ಅಲ್ಲಿಗೇ ಕೊನೆಗಾಣಿಸುವ ಸ್ವಾತಂತ್ರ್ಯವಿರಬೇಕು. ಹದಿನಾಲ್ಕು ವರ್ಷಗಳ ಮೇಲೆ, ಅದೇ ಕ್ರೌರ್ಯಗಳ ಮೂಲವನ್ನು ಅರಸಹೊರಟ ಪ್ರಯೋಗಶಾಲೆಯಲ್ಲಿ, ನಡುಗುತ್ತಿದ್ದ ಮನುಷ್ಯನಿಗೆ ಹೇಳಿದ ನಾಲ್ಕನೆಯ ಮಾತೇನು? "ನಿಮಗೆ ಬೇರೆ ಮಾರ್ಗವಿಲ್ಲ."

ಆದರೆ ಆ ನಿಯಮಗಳು ವೈದ್ಯರಿಗೆ ಸೇರಿದವು, ಅದೂ ಕಟುಕರಾದ ವೈದ್ಯರಿಗೆ ಎಂಬ ಭಾವನೆ ಆಗ ಅಮೆರಿಕದ ವಿದ್ವಾಂಸರಲ್ಲಿ ಹರಡಿದ್ದಿತು. ತಾವು ಸೂಜಿ ಚುಚ್ಚುವವರಲ್ಲ, ವಿಷವೂಡುವವರಲ್ಲ; ಮಾತಿನಿಂದ, ಪ್ರಶ್ನೆಯಿಂದ ಯಾರಿಗೇನು ಕೇಡಾದೀತು ಎಂಬುದು ಮನಶ್ಶಾಸ್ತ್ರಜ್ಞರ ಎಣಿಕೆ. ಈ ಎಣಿಕೆಯು ಹಳೆಯದು. 1920ರಲ್ಲಿ ಬಾಲ್ಟಿಮೋರಿನಲ್ಲಿ ಜಾನ್ ವಾಟ್ಸನ್ ಮತ್ತು ರೊಸಾಲಿ ರೇನರ್ ಎಂಬವರು, ಭಯವು ಹೇಗೆ ಅಂಟಿಕೊಳ್ಳುತ್ತದೆಂಬುದನ್ನು ತೋರಿಸಲು ಹನ್ನೊಂದು ತಿಂಗಳ ಹಸುಗೂಸೊಂದನ್ನು ಆರಿಸಿಕೊಂಡರು. ವರದಿಯಲ್ಲಿ ಅದಕ್ಕೆ ಆಲ್ಬರ್ಟ್ ಎಂದು ಹೆಸರು. ಮಗುವು ಬಿಳಿಯ ಇಲಿಯನ್ನು ಮುಟ್ಟಲು ಕೈಚಾಚಿದಾಗ ಅದರ ತಲೆಯ ಹಿಂದೆ ಉಕ್ಕಿನ ಸಲಾಕೆಯನ್ನು ಸುತ್ತಿಗೆಯಿಂದ ಬಡಿದರು. ಕೆಲವು ಸಲ ಹೀಗಾದ ಮೇಲೆ ಇಲಿಯನ್ನು ಕಂಡರೇ ಮಗುವು ಅತ್ತು ಹೊರಳಿ ತೆವಳತೊಡಗಿತು. ಮೊಲವನ್ನೂ ನಾಯಿಯನ್ನೂ ತುಪ್ಪಟದ ಅಂಗಿಯನ್ನೂ ಕಂಡು ಬೆದರಿತು. ಆ ಭಯವನ್ನು ಹೋಗಲಾಡಿಸುವುದಕ್ಕೆ ಮುಂಚೆಯೇ ಮಗುವು ಆಸ್ಪತ್ರೆಯನ್ನು ಬಿಟ್ಟುಹೋಯಿತು. ಹೇಗೂ ಮನೆಗೆ ಹೋದ ಮೇಲೆ ಇಂತಹ ಭಯಗಳು ಮಗುವಿಗೆ ತಾವಾಗಿಯೇ ಬರತಕ್ಕವು ಎಂದು ಸಂಶೋಧಕರು ತಮ್ಮನ್ನು ತಾವು ಸಮಾಧಾನಪಡಿಸಿಕೊಂಡುದಾಗಿ ಬರೆದಿದ್ದಾರೆ. ಬೀದಿಯಲ್ಲಿ ಹೋಗುವ ಮಗುವು ಹೇಗೂ ಒಮ್ಮೆ ಎಡವೀತೆಂದು ನಾವೇ ಅದನ್ನು ತಳ್ಳಬಹುದೆ? ಅವರು ಕೆಟ್ಟವರಾಗಿರಬೇಕಾಗಿರಲಿಲ್ಲ; ತಮ್ಮ ಪ್ರಶ್ನೆಯಲ್ಲಿ ಮುಳುಗಿದ್ದರು, ಅಷ್ಟೆ. ತನ್ನ ಪ್ರಯೋಗದ ಲಾಭವನ್ನು ಹಿಗ್ಗಿಸಿಯೂ ಬೇರೆಯವನ ನಷ್ಟವನ್ನು ಕುಗ್ಗಿಸಿಯೂ ಕಾಣುವುದು ಮನುಷ್ಯಸಹಜವಾದುದು.

ಇದಕ್ಕೆ ಇನ್ನೂ ಸ್ಪಷ್ಟವಾದ ನಿದರ್ಶನವನ್ನು ಒದಗಿಸಿದವನು ಫಿಲಿಪ್ ಜಿಂಬಾರ್ಡೋ. (ಇವನೂ ಮಿಲ್‌ಗ್ರಾಮನೂ ನ್ಯೂಯಾರ್ಕಿನ ಒಂದೇ ಪ್ರೌಢಶಾಲೆಯಲ್ಲಿ ಸಹಪಾಠಿಗಳಾಗಿದ್ದರೆಂಬುದು ಒಂದು ಸ್ವಾರಸ್ಯ.) 1971ರ ಆಗಸ್ಟಿನಲ್ಲಿ ಈತನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ನೆಲಮಾಳಿಗೆಯಲ್ಲಿ ಒಂದು ಹುಸಿ ಸೆರೆಮನೆಯನ್ನು ಕಟ್ಟಿ, ಆರೋಗ್ಯವಂತರಾದ ತರುಣರಲ್ಲಿ ಕೆಲವರನ್ನು ಕೈದಿಗಳನ್ನಾಗಿಯೂ ಕೆಲವರನ್ನು ಕಾವಲುಗಾರರನ್ನಾಗಿಯೂ ನೇಮಿಸಿದನು. ಎರಡು ವಾರ ನಡೆಯಬೇಕಾಗಿದ್ದುದನ್ನು ಆರೇ ದಿನಗಳಲ್ಲಿ ನಿಲ್ಲಿಸಬೇಕಾಯಿತು. ಅಷ್ಟರಲ್ಲಿ ಕೈದಿಗಳಲ್ಲಿ ಐವರನ್ನು, ಅಳು, ಉದ್ವೇಗ, ಮೈಮೇಲೆದ್ದ ದದ್ದು ಇವುಗಳ ಕಾರಣದಿಂದ ಬಿಟ್ಟು ಕಳುಹಿಸಿಯಾಗಿತ್ತು. ಆದರೂ ನಿಲ್ಲಿಸಬೇಕೆಂದು ಅವನಿಗೆ ತಾನಾಗಿ ಹೊಳೆಯಲಿಲ್ಲ. ಏಕೆಂದರೆ ಅವನು ವಿಜ್ಞಾನಿಯಾಗಿರುವುದರ ಜೊತೆಗೆ ಆ ಸೆರೆಮನೆಯ ಮೇಲ್ವಿಚಾರಕನ ಪಾತ್ರವನ್ನೂ ವಹಿಸಿದ್ದನು! ಹೊರಗಿನಿಂದ ನೋಡಲು ಬಂದ ಕ್ರಿಸ್ಟಿನಾ ಮಾಸ್ಲಾಕ್ ಎಂಬ ಮನಶ್ಶಾಸ್ತ್ರಜ್ಞೆಯು ಆ ಹುಡುಗರ ಪಾಡನ್ನು ಕಂಡು ಗಟ್ಟಿಯಾಗಿ ಆಕ್ಷೇಪಿಸಿದ ಮೇಲೆ ಅವನ ಕಣ್ಣು ತೆರೆಯಿತು. ಆ ಪ್ರಯೋಗದ ಫಲಿತಾಂಶಗಳನ್ನು ಈಗ ಬಹುಮಂದಿ ವಿದ್ವಾಂಸರು ಹಾಗೆಯೇ ನಂಬುವುದಿಲ್ಲ. ಹೊರಗಿನ ಒಂದು ಕಣ್ಣು ಬೇಕೆಂಬ ಪಾಠವು ಮಾತ್ರ ಉಳಿದಿದೆ.

ಅಮೆರಿಕದಲ್ಲಿ ಇದು ಶಾಸನದ ರೂಪಕ್ಕೆ ಬಂದುದು ಮನಶ್ಶಾಸ್ತ್ರದಿಂದಲ್ಲ, ವೈದ್ಯಕೀಯದ ಒಂದು ಹೀನ ಪ್ರಕರಣದಿಂದ. ಅಲಬಾಮ ಸಂಸ್ಥಾನದ ಟಸ್ಕೀಗಿಯಲ್ಲಿ ಸರ್ಕಾರದ ಆರೋಗ್ಯ ಇಲಾಖೆಯವರು 1932ರಿಂದ 1972ರವರೆಗೆ, ಪರಂಗಿ ರೋಗಕ್ಕೆ ತುತ್ತಾದ 399 ಮಂದಿ ಬಡ ಕರಿಯರನ್ನು ಚಿಕಿತ್ಸೆಯ ಸೋಗಿನಲ್ಲಿ ಬರಿದೆ ನೋಡುತ್ತ ಕುಳಿತಿದ್ದರು. ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ. ಪತ್ರಿಕೆಗಳು ಇದನ್ನು ಬಯಲಿಗೆಳೆದುವು. 1974ರಲ್ಲಿ ಕಾನೂನಾಯಿತು, ಅದರಂತೆ ನೇಮಕವಾದ ಆಯೋಗವು 1979ರಲ್ಲಿ ಬೆಲ್ಮಾಂಟ್ ವರದಿಯನ್ನು ಪ್ರಕಟಿಸಿತು. ವ್ಯಕ್ತಿಗೆ ಗೌರವ, ಹಿತಸಾಧನೆ, ನ್ಯಾಯ ಎಂಬ ಮೂರು ತತ್ತ್ವಗಳು ಅದರ ಸಾರ. ವೈದ್ಯಕೀಯವೊಂದೇ ಅಲ್ಲದೆ, ಮನುಷ್ಯನ ನಡವಳಿಕೆಯನ್ನು ಕುರಿತ ಸಂಶೋಧನೆಯೂ ಅದರ ವ್ಯಾಪ್ತಿಗೆ ಸೇರಿತು.

ಹಾಗಾದರೆ ಮರೆಮಾಚುವುದನ್ನು ನಿಷೇಧಿಸಿಬಿಟ್ಟರೆ? ಇಲ್ಲ. ಅಮೆರಿಕದ ಮನಶ್ಶಾಸ್ತ್ರ ಸಂಘವು 1953ರಲ್ಲಿಯೇ ಒಂದು ನೀತಿಸಂಹಿತೆಯನ್ನು ರಚಿಸಿಕೊಂಡು ಅಂದಿನಿಂದ ಹಲವು ಸಲ ತಿದ್ದುತ್ತ ಬಂದಿದೆ. ಈಗಿನ ನಿಯಮದಂತೆ, ಬೇರೆ ಉಪಾಯದಿಂದ ಸತ್ಯವನ್ನು ತಿಳಿಯಲು ಸಾಧ್ಯವೇ ಇಲ್ಲದಿರುವಾಗ, ತಿಳಿಯಬೇಕಾದ ಸತ್ಯಕ್ಕೂ ತಕ್ಕಷ್ಟು ಬೆಲೆಯಿರುವಾಗ ಮಾತ್ರ ಉದ್ದೇಶವನ್ನು ಮರೆಮಾಡಬಹುದು. ಆದರೆ ದೇಹಕ್ಕೆ ನೋವನ್ನೋ ಮನಸ್ಸಿಗೆ ತೀವ್ರವಾದ ಕ್ಲೇಶವನ್ನೋ ಉಂಟುಮಾಡಬಹುದಾದ ಸಂಗತಿಯನ್ನು ಮಾತ್ರ ಎಂದಿಗೂ ಮರೆಮಾಡಕೂಡದು. ಮರೆಮಾಡಿದ್ದನ್ನು ಆದಷ್ಟು ಬೇಗನೆ, ಸಾಧ್ಯವಾದರೆ ಅವನು ಎದ್ದುಹೋಗುವ ಮುನ್ನವೇ, ಬಿಚ್ಚಿ ಹೇಳಬೇಕು. ಅದನ್ನು ಕೇಳಿ ಅವನು "ನನ್ನ ಉತ್ತರಗಳನ್ನು ಬಳಸಬೇಡಿ" ಎಂದರೆ ಬಿಟ್ಟುಕೊಡಬೇಕು. ಈ ನಡುವೆ ಭಾಷೆಯಲ್ಲಿಯೂ ಒಂದು ಸೂಕ್ಷ್ಮ ವ್ಯತ್ಯಾಸವಾಗಿದೆ. ಹಿಂದೆ ಇಂಗ್ಲಿಷಿನಲ್ಲಿ "ಸಬ್ಜೆಕ್ಟ್" ಎನ್ನುತ್ತಿದ್ದರು. ಆ ಮಾತಿಗೆ ಅರಸನ ಪ್ರಜೆ, ಅಧೀನನು ಎಂಬ ಅರ್ಥವೂ ಉಂಟು. ಈಗ "ಪಾರ್ಟಿಸಿಪೆಂಟ್", ಎಂದರೆ ಭಾಗಿ ಎಂಬ ಶಬ್ದವನ್ನು ಆಯ್ದುಕೊಂಡಿದ್ದಾರೆ.

ನಮ್ಮ ದೇಶದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 1980ರಲ್ಲಿ ಇಂತಹ ಮೊದಲ ನೀತಿಪತ್ರವನ್ನು ಹೊರಡಿಸಿತು. 2017ರ ಮಾರ್ಗಸೂಚಿಗಳಲ್ಲಿ ಆರೋಗ್ಯಕ್ಕೆ ಸಂಬಂಧಿಸಿದ ಸಾಮಾಜಿಕ ಹಾಗೂ ವರ್ತನೆಯ ಸಂಶೋಧನೆಗೂ ಒಂದು ಅಧ್ಯಾಯವಿದೆ. ಏಳರಿಂದ ಹದಿನೈದು ಮಂದಿಯ ನೀತಿಸಮಿತಿಯೊಂದು ಮೊದಲೇ ಯೋಜನೆಯನ್ನು ಪರಿಶೀಲಿಸಬೇಕು. ಅದರ ಅಧ್ಯಕ್ಷನು ಆ ಸಂಸ್ಥೆಯ ಹೊರಗಿನವನಾಗಿರಬೇಕು. ಕಾನೂನು ಬಲ್ಲವರೂ, ವಿಜ್ಞಾನದ ಗಂಧವಿಲ್ಲದ ಸಾಮಾನ್ಯರೂ ಅದರಲ್ಲಿ ಕೂರಬೇಕು. ಹದಿನೆಂಟು ವರ್ಷ ತುಂಬದವರಿಗೆ ತಂದೆತಾಯಿಗಳ ಒಪ್ಪಿಗೆ ಬೇಕು. ಅದು ಸಾಲದೆಂದು ಏಳು ವರ್ಷ ದಾಟಿದ ಮಗುವಿನ ಇಷ್ಟವನ್ನೂ ಕೇಳಬೇಕು. ಸಮ್ಮತಿಪತ್ರವು ಭಾಗಿಗೆ ತಿಳಿಯುವ ಭಾಷೆಯಲ್ಲಿರಬೇಕು. ಈ ಕೊನೆಯ ಮಾತು ಬರೆಯಲು ಸುಲಭ, ನಡೆಸಲು ಕಠಿನ. ಇಂಗ್ಲಿಷಿನಿಂದ ಪದಕ್ಕೆ ಪದವಿಟ್ಟು ಕನ್ನಡಕ್ಕೆ ಇಳಿಸಿದ ಕೆಲವು ಸಮ್ಮತಿಪತ್ರಗಳನ್ನು ಈ ಲೇಖಕನು ಎರಡೆರಡು ಸಲ ಓದಬೇಕಾಯಿತು; ಹೊಲದಿಂದ ಬಂದ ಹೆಂಗಸು ಅದರ ಕೆಳಗೆ ಹೆಬ್ಬೆಟ್ಟು ಒತ್ತಿದರೆ ಆಕೆ ಏನನ್ನು ಒಪ್ಪಿದಂತಾಯಿತು?

ಒತ್ತಿದ ಗುರುತೇ ಒಪ್ಪಿಗೆಯೆಂದು ತಿಳಿಯುವ ಅಪಾಯವು ಹಳ್ಳಿಗಷ್ಟೇ ಸೀಮಿತವಲ್ಲ. 2012ರ ಜನವರಿಯಲ್ಲಿ ಫೇಸ್‌ಬುಕ್ ಕಂಪನಿಯು ಒಂದು ವಾರ ಕಾಲ 6,89,003 ಮಂದಿಗೆ ಕಾಣಿಸುವ ಬರಹಗಳಲ್ಲಿ, ಕೆಲವರಿಗೆ ಸಂತಸದವನ್ನೂ ಕೆಲವರಿಗೆ ದುಃಖದವನ್ನೂ ತಗ್ಗಿಸಿ, ಅದರಿಂದ ಅವರ ಮನಸ್ಥಿತಿಯು ಬದಲಾಗುವುದೋ ಎಂದು ನೋಡಿತು. ಬದಲಾವಣೆಯು ಅತ್ಯಲ್ಪ. ಆದರೆ 2014ರಲ್ಲಿ ಇದು ಪ್ರಕಟವಾದಾಗ, ತಾವು ಪ್ರಯೋಗಕ್ಕೆ ಒಳಗಾಗಿದ್ದೆವೆಂಬುದೇ ತಿಳಿಯದಿದ್ದ ಜನ ಸಿಟ್ಟಿಗೆದ್ದರು. ಖಾತೆ ತೆರೆಯುವಾಗ ಷರತ್ತುಗಳಿಗೆ ಒಪ್ಪಿದ್ದೀರಿ ಎಂಬುದು ಸಂಶೋಧಕರ ಸಮಾಧಾನ. ಆ ಲೇಖನವನ್ನು ಅಚ್ಚಿಸಿದ ವಿಜ್ಞಾನ ಪತ್ರಿಕೆಯು ತನ್ನ ಕಳವಳವನ್ನು ವ್ಯಕ್ತಪಡಿಸಿ ಟಿಪ್ಪಣಿಯನ್ನು ಪ್ರಕಟಿಸಬೇಕಾಯಿತು.

ಇಷ್ಟೆಲ್ಲ ಕಟ್ಟುಪಾಡುಗಳಿದ್ದರೆ ಮಿಲ್‌ಗ್ರಾಮನಂತಹವರ ಪ್ರಶ್ನೆಗಳನ್ನು ಕೇಳುವುದೇ ಅಸಾಧ್ಯವಾಗದೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಕ್ಯಾಲಿಫೋರ್ನಿಯದ ಸಾಂತಾ ಕ್ಲಾರಾ ವಿಶ್ವವಿದ್ಯಾನಿಲಯದ ಜೆರ್ರಿ ಬರ್ಗರ್ ಎಂಬಾತನಿಗೂ ಈ ಪ್ರಶ್ನೆ ಬಂದಿತು. ಮಿಲ್‌ಗ್ರಾಮನ ಪ್ರಯೋಗದ ಒಂದು ರೂಪದಲ್ಲಿ, ವಿದ್ಯಾರ್ಥಿಯು 150 ವೋಲ್ಟಿನಲ್ಲಿ "ನನ್ನನ್ನು ಹೊರಕ್ಕೆ ಬಿಡಿ" ಎಂದು ಕೂಗುವಂತೆ ಏರ್ಪಡಿಸಿದ್ದರು. ಆ ಕೂಗನ್ನು ಕೇಳಿಯೂ ಮುಂದೆ ಹೋದವರು ನಲವತ್ತರಲ್ಲಿ ಮೂವತ್ತಮೂವರು. ಅವರಲ್ಲಿ ಇಪ್ಪತ್ತಾರು ಮಂದಿ ಕೊನೆಯವರೆಗೂ ಹೋದರು. ಎಂದ ಮೇಲೆ 150ರಲ್ಲಿಯೇ ನಿಲ್ಲಿಸಿದರೂ ಮನುಷ್ಯನ ಒಲವು ಯಾವ ಕಡೆಗೆಂಬುದು ಬಹುಮಟ್ಟಿಗೆ ತಿಳಿಯುತ್ತದೆ. ಅಲ್ಲಿಂದ ಮುಂದಿನ ಯಾತನೆಯನ್ನು ಕೊಡಬೇಕಾದ ಕಾರಣವಿಲ್ಲ.

ಆತನು ಹಾಗೆಯೇ ಮಾಡಿದನು. 2009ರಲ್ಲಿ ವರದಿಯು ಪ್ರಕಟವಾಯಿತು. ಮನೋವೈಕಲ್ಯಗಳನ್ನು ಬಲ್ಲ ತಜ್ಞರು ಒಬ್ಬೊಬ್ಬರನ್ನೂ ಮೊದಲೇ ಸಂದರ್ಶಿಸಿ, ತಾಳಲಾರರೆಂದು ತೋರಿದವರನ್ನು ಹಿಂದಕ್ಕೆ ಕಳುಹಿಸಿದರು. ಸಂದರ್ಶನಕ್ಕೆ ಬಂದವರಲ್ಲಿ ಮೂರನೆಯ ಒಂದು ಭಾಗಕ್ಕೂ ಮಿಕ್ಕಿ ಹೀಗೆ ಹಿಂದಿರುಗಿದರು. ರುಚಿನೋಡಲು ಕೊಟ್ಟ ಆಘಾತವು 45ರ ಬದಲು 15 ವೋಲ್ಟ್. ಪ್ರಯೋಗಕರ್ತನೂ ಅಂತಹ ತಜ್ಞನೇ. ಭಾಗಿಯು ಅತಿಯಾಗಿ ನೊಂದಂತೆ ಕಂಡರೆ ತಕ್ಷಣ ನಿಲ್ಲಿಸಬೇಕೆಂದು ಅವನಿಗೆ ಕಟ್ಟಪ್ಪಣೆ. ಎಲ್ಲಕ್ಕಿಂತ ಹೆಚ್ಚಾಗಿ, ಯಾವಾಗ ಬೇಕಾದರೂ ನೀವು ಎದ್ದು ಹೋಗಬಹುದು, 50 ಡಾಲರುಗಳು ನಿಮ್ಮವೇ ಎಂಬುದನ್ನು ಕನಿಷ್ಠ ಮೂರು ಸಲ, ಅದರಲ್ಲಿ ಎರಡು ಸಲ ಬರಹದಲ್ಲಿ, ಪ್ರತಿಯೊಬ್ಬನಿಗೂ ತಿಳಿಸಿದರು.

ಹಾಗೆ ಮೂರು ಸಲ ತಿಳಿಸಿಯೂ, 150ರ ಕೂಗಿನ ಬಳಿಕ ಮುಂದಿನ ಗುಂಡಿಗೆ ಕೈಯೊಡ್ಡಿದವರು ನೂರಕ್ಕೆ ಎಪ್ಪತ್ತು. ಎದ್ದು ಹೋಗಬಹುದೆಂದು ಬರೆದುಕೊಟ್ಟ ಕಾಗದವು ಮೇಲಂಗಿ ತೊಟ್ಟವನ ಶಾಂತವಾದ ಒಂದು ಮಾತಿನ ಮುಂದೆ ಎಷ್ಟು ಹಗುರವೆಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಅಂಕಿ ನನಗೆ ತಿಳಿದಿಲ್ಲ. ವಿಧೇಯತೆಯನ್ನು ಕುರಿತ ಪ್ರಯೋಗವು ತಾನರಿಯದೆಯೇ ಸಮ್ಮತಿಯನ್ನೂ ಅಳೆದುಬಿಟ್ಟಿತು. ವಿದ್ಯಾರ್ಥಿಗಳು, ಕೈಕೆಳಗಿನ ನೌಕರರು, ರೋಗಿಗಳು, ಸೆರೆಯಲ್ಲಿರುವವರು ಇವರ ಒಪ್ಪಿಗೆಯನ್ನು ಪಡೆಯುವಲ್ಲಿ ನೀತಿಸಮಿತಿಗಳು ಹೆಚ್ಚಿನ ಎಚ್ಚರವನ್ನು ಬಯಸುವುದು ಇದಕ್ಕಾಗಿಯೇ: ತಮ್ಮ ಅಂಕಗಳನ್ನು ಹಾಕುವ ಅಧ್ಯಾಪಕರೇ ಪ್ರಶ್ನಾವಳಿಯನ್ನು ಹಂಚಿದಾಗ "ಒಲ್ಲೆ" ಎನ್ನುವ ವಿದ್ಯಾರ್ಥಿಗಳು ತರಗತಿಯಲ್ಲಿ ಎಷ್ಟು ಮಂದಿ ಇದ್ದಾರು?

ಬರ್ಗರನ ಪ್ರಯೋಗಶಾಲೆಯಲ್ಲಿ ಆ ಮುಂದಿನ ಗುಂಡಿಯನ್ನು ಒತ್ತುವ ಮೊದಲೇ ಭಾಗಿಯನ್ನು ತಡೆಯುತ್ತಿದ್ದರು. ಆಘಾತವು ಹುಸಿಯೆಂದು ಒಡನೆಯೇ ತಿಳಿಸುತ್ತಿದ್ದರು. ಕೆಲವೇ ಕ್ಷಣಗಳಲ್ಲಿ ಪಕ್ಕದ ಕೋಣೆಯ ಬಾಗಿಲು ತೆರೆದು, ಇಷ್ಟು ಹೊತ್ತು ಕೂಗುತ್ತಿದ್ದ ಮನುಷ್ಯನು ಕ್ಷೇಮವಾಗಿ ನಡೆದುಬಂದು ಅವನ ಎದುರಿಗೆ ನಿಲ್ಲುತ್ತಿದ್ದನು.